ನುಂಗಿದ ವಿಭಕ್ತಿಯನ್ನು ಹೊರಗೆಳೆಯಿರಿ: ಇಂಗ್ಲಿಷಿನ ಸಂಬಂಧ ವಾಕ್ಯಗಳಿಗೆ ಕನ್ನಡಿಗರ ದಾರಿ

ವಿರಾಜಪೇಟೆ ಕಡೆಯ ಹೋಮ್‌ಸ್ಟೇ ಒಂದರಲ್ಲಿ ಕೆಲಸ ಮಾಡುವ ಯುವಕನೊಬ್ಬ ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುತ್ತಾನೆ. ಅತಿಥಿಗಳನ್ನು ಕಾಫಿ ತೋಟದಲ್ಲಿ ಸುತ್ತಾಡಿಸುವುದು ಅವನ ಕೆಲಸ. ಗಿಡಮರಗಳ ಹೆಸರನ್ನು, ಅರೇಬಿಕಾಕ್ಕೂ ರೋಬಸ್ಟಾಕ್ಕೂ ಇರುವ ವ್ಯತ್ಯಾಸವನ್ನು ತಡವರಿಸದೆ ಇಂಗ್ಲಿಷಿನಲ್ಲಿ ಹೇಳಬಲ್ಲ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ತೋಟದ ಹಳೆಯ ಬೀಟೆ ಮರವೊಂದರ ಕಥೆ ಹೇಳಿದ್ದನಂತೆ. ಮರುದಿನ ಬೆಳಿಗ್ಗೆ ಅತಿಥಿಗಳನ್ನು ಆ ಮರದ ಬುಡಕ್ಕೇ ಕರೆದೊಯ್ದು, “ದಿಸ್ ಈಸ್ ದ ಟ್ರೀ ಐ ಟೋಲ್ಡ್” ಎಂದ. ಅತಿಥಿಗಳು ಮಾತು ಇನ್ನೂ ಮುಗಿದಿಲ್ಲ ಎಂದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತರು. ಅವನಿಗೆ ತಾನು ಏನು ಬಿಟ್ಟೆ ಎಂಬುದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? “ನಾನು ಹೇಳಿದ ಮರ ಇದೇ” ಎಂಬ ಕನ್ನಡದ ಮಾತಿನಲ್ಲಿ ಯಾವ ಕೊರತೆಯೂ ಇಲ್ಲವಲ್ಲ.

ಇಂಗ್ಲಿಷಿಗೆ ಬೇಕಾಗಿದ್ದದ್ದು “ದಿಸ್ ಈಸ್ ದ ಟ್ರೀ ಐ ಟೋಲ್ಡ್ ಯು ಅಬೌಟ್”. ಆ ಕೊನೆಯ ‘ಅಬೌಟ್’ ಕನ್ನಡದಲ್ಲಿ ‘ಮರದ ಬಗ್ಗೆ’ ಎನ್ನುವಾಗಿನ ‘ಬಗ್ಗೆ’. “ನಾನು ಮರದ ಬಗ್ಗೆ ಹೇಳಿದೆ” ಎಂಬ ವಾಕ್ಯವನ್ನು “ನಾನು ಹೇಳಿದ ಮರ” ಎಂದು ತಿರುಗಿಸಿದ ಕೂಡಲೇ ಕನ್ನಡ ಆ ಮಾತನ್ನು ನುಂಗಿಬಿಡುತ್ತದೆ. ಇಂಗ್ಲಿಷ್ ನುಂಗುವುದಿಲ್ಲ. ರಿಲೇಟಿವ್ ಕ್ಲಾಜ್ ಎಂದು ವ್ಯಾಕರಣ ಪುಸ್ತಕಗಳು ಕರೆಯುವ ಈ ವಾಕ್ಯಭಾಗದಲ್ಲಿ ನಮ್ಮವರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ತರಗತಿಯಲ್ಲಿ ನಾನು ಕಂಡುಕೊಂಡ ಮಾತು. ‘ಹೂ’, ‘ವಿಚ್’, ‘ದ್ಯಾಟ್’ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಅದು ಸರಿಹೋಗುವುದಿಲ್ಲ. ನಮ್ಮ ಭಾಷೆ ಏನನ್ನು ನುಂಗಿದೆ ಎಂದು ಮೊದಲು ತಿಳಿಯಬೇಕು.

ಈ ಲೇಖನದಲ್ಲಿ ಅಂಥ ವಾಕ್ಯಭಾಗವನ್ನು ‘ಸಂಬಂಧ ವಾಕ್ಯ’ ಎನ್ನುತ್ತೇನೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒಂದೊಂದನ್ನೂ ಗಟ್ಟಿಯಾಗಿ ಓದಿ, ಬಳಿಕ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆದುಕೊಳ್ಳಿ. ಕಿವಿ, ಬಾಯಿ, ಕೈ ಮೂರಕ್ಕೂ ಕೆಲಸ ಸಿಗುತ್ತದೆ.

ಮೊದಲ ಹೆಜ್ಜೆ: ಹೆಸರನ್ನು ಮುಂದಕ್ಕೆ ತನ್ನಿ

“ನಿನ್ನೆ ಬಂದ ಹುಡುಗ”, “ನಾನು ಕೊಂಡ ಮೆಣಸು”, “ಮನೆ ಕುಸಿದ ಕುಟುಂಬ”. ಬಂದ, ಕೊಂಡ, ಕುಸಿದ ಎಂಬ ಕೃದಂತ ರೂಪಗಳು ತಮ್ಮ ಮುಂದೆ ಬರುವ ನಾಮಪದವನ್ನು ಬಣ್ಣಿಸುತ್ತವೆ. ಕನ್ನಡದಲ್ಲಿ ಬಣ್ಣನೆ ಮೊದಲು, ಹೆಸರು ಕೊನೆಗೆ. ಕೊಡಗಿನ ಮನೆಗಳಲ್ಲಿ ಕೇಳಿಬರುವ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಇವೆಲ್ಲವೂ ಇದೇ ನುಡಿಕುಟುಂಬದವು. ಇವುಗಳ ರೀತಿಯೂ ಇದೇ. ಹಾಗಾಗಿ ಮನೆಮಾತು ಯಾವುದೇ ಆಗಿರಲಿ, ಇಲ್ಲಿನ ವಿದ್ಯಾರ್ಥಿಗಳಿಗೆ ಎದುರಾಗುವ ತೊಡಕು ಒಂದೇ.

ಇಂಗ್ಲಿಷ್ ಇದಕ್ಕೆ ತಿರುಗುಮುರುಗು. ಮೊದಲು ಹೆಸರು, ಆಮೇಲೆ ಬಣ್ಣನೆ, ನಡುವೆ ಎರಡನ್ನೂ ಬೆಸೆಯುವ ಒಂದು ಕೊಂಡಿ ಪದ. “ನಿನ್ನೆ ಕುಶಾಲನಗರದಲ್ಲಿ ನನ್ನಿಂದ ಕಾಳುಮೆಣಸು ಕೊಂಡ ವ್ಯಾಪಾರಿ” ಎಂಬ ಉದ್ದನೆಯ ಮಾತನ್ನು ಇಂಗ್ಲಿಷಿಗೆ ತರುವಾಗ ‘ನಿನ್ನೆ’ಯಿಂದ ಶುರುಮಾಡಿದರೆ ದಾರಿ ತಪ್ಪಿತೆಂದೇ ಅರ್ಥ. ಕಣ್ಣು ನೇರವಾಗಿ ಕೊನೆಯ ಪದಕ್ಕೆ ಹೋಗಲಿ. ವ್ಯಾಪಾರಿ: “ದ ಟ್ರೇಡರ್”. ಆಮೇಲೆ ಕೊಂಡಿ: “ಹೂ”. ಆಮೇಲೆ ಕ್ರಿಯೆ: “ಬಾಟ್ ಪೆಪ್ಪರ್ ಫ್ರಮ್ ಮಿ”. ಊರು ಮತ್ತು ದಿನ ಕಟ್ಟಕಡೆಗೆ: “ಇನ್ ಕುಶಾಲನಗರ ಯೆಸ್ಟರ್ಡೇ”. ಕನ್ನಡದ ಮಾತನ್ನು ಬಾಲದ ಕಡೆಯಿಂದ ಹಿಡಿದು ತಲೆಯವರೆಗೆ ಬಂದಂತೆ. ದಿನಕ್ಕೆ ಹತ್ತು ಪದಪುಂಜಗಳನ್ನು ಹೀಗೆ ತಿರುಗಿಸಿ; ಒಂದು ವಾರದಲ್ಲಿ ನಾಲಿಗೆಗೆ ರೂಢಿಯಾಗುತ್ತದೆ.

ಎರಡನೆಯ ಹೆಜ್ಜೆ: ವಿಭಕ್ತಿಯನ್ನು ಹುಡುಕಿ

ಇದೇ ಮುಖ್ಯವಾದ ಹೆಜ್ಜೆ. ಇಲ್ಲಿ ಅವಸರ ಮಾಡಬೇಡಿ. ಕನ್ನಡ ಶಾಲೆಯಲ್ಲಿ ಓದಿದ ಎಲ್ಲರೂ ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಎಂದು ಸಪ್ತಮಿಯ ಅಲ್ಲಿಯವರೆಗೆ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಒಪ್ಪಿಸಿದವರೇ. ಆ ಪಾಠ ಇಂಗ್ಲಿಷಿಗೂ ಬೇಕಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ. ನನ್ನ ತರಗತಿಯಲ್ಲಿ ಇಂಗ್ಲಿಷ್ ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಕಾಳುಮೆಣಸಿನ ಕೊಯ್ಲನ್ನು ನೆನಪಿಗೆ ತಂದುಕೊಳ್ಳಿ. ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಹಬ್ಬಿದೆ, ಏಣಿ ಒರಗಿದೆ, ಹುಡುಗನೊಬ್ಬ ಕತ್ತಿ ಹಿಡಿದು ಮೇಲೆ ಹತ್ತಿದ್ದಾನೆ. ಈಗ ಈ ಮಾತುಗಳನ್ನು ನೋಡಿ: ಮರ ಹತ್ತಿದ ಹುಡುಗ, ಹುಡುಗ ಹತ್ತಿದ ಮರ, ಹುಡುಗ ಕೊಂಬೆ ಕಡಿದ ಕತ್ತಿ, ಹುಡುಗ ಕುಳಿತ ಕೊಂಬೆ. ನಾಲ್ಕೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಒಂದೊಂದನ್ನೂ ಬಿಡಿಸಿ ಪೂರ್ತಿ ವಾಕ್ಯ ಮಾಡಿದಾಗ ಮಾತ್ರ ಒಳಗಿನ ಭೇದ ಕಾಣಿಸುತ್ತದೆ.

ಹುಡುಗನು ಮರ ಹತ್ತಿದನು. ಇಲ್ಲಿ ಹುಡುಗನಿಗಿರುವುದು ಪ್ರಥಮೆಯ ‘ಉ’, ಅಂದರೆ ಅವನೇ ಕೆಲಸ ಮಾಡಿದವನು. ಇಂಗ್ಲಿಷಿನಲ್ಲಿ “ದ ಬಾಯ್ ಹೂ ಕ್ಲೈಂಬ್ಡ್ ದ ಟ್ರೀ”. ಮನುಷ್ಯರಾದರೆ ‘ಹೂ’, ವಸ್ತು ಮತ್ತು ಪ್ರಾಣಿಗಳಾದರೆ ‘ವಿಚ್’ ಅಥವಾ ‘ದ್ಯಾಟ್’. ಆಡುಮಾತಿನಲ್ಲಿ ಮನುಷ್ಯರಿಗೂ ‘ದ್ಯಾಟ್’ ನಡೆಯುತ್ತದೆ. ಬರಹದಲ್ಲಿ ‘ಹೂ’ ಬಳಸಿದರೆ ಗೌರವ ಹೆಚ್ಚು.

ಹುಡುಗನು ಮರವನ್ನು ಹತ್ತಿದನು. ಅದೇ ಘಟನೆ, ಆದರೆ ಈಗ ಮಾತು ಮರದ ಬಗ್ಗೆ. ಮರಕ್ಕಿರುವುದು ದ್ವಿತೀಯೆಯ ‘ಅನ್ನು’. “ದ ಟ್ರೀ ದ್ಯಾಟ್ ದ ಬಾಯ್ ಕ್ಲೈಂಬ್ಡ್”. ಇಲ್ಲೊಂದು ಅನುಕೂಲವಿದೆ: ಹುಡುಕಿದ ವಿಭಕ್ತಿ ‘ಅನ್ನು’ ಆಗಿದ್ದರೆ ಕೊಂಡಿ ಪದವನ್ನು ಪೂರ್ತಿ ಬಿಡಬಹುದು. “ದ ಟ್ರೀ ದ ಬಾಯ್ ಕ್ಲೈಂಬ್ಡ್” ಎಂದರೂ ಸರಿ. ‘ಉ’ ಆಗಿದ್ದರೆ ಬಿಡುವಂತಿಲ್ಲ. “ದ ಬಾಯ್ ಕ್ಲೈಂಬ್ಡ್ ದ ಟ್ರೀ ಈಸ್ ಮೈ ಬ್ರದರ್” ಎಂದರೆ ಕೇಳುವವರಿಗೆ ಮೊದಲರ್ಧದಲ್ಲೇ ವಾಕ್ಯ ಮುಗಿಯಿತು ಎನ್ನಿಸುತ್ತದೆ, ಉಳಿದರ್ಧ ಅನಾಥವಾಗುತ್ತದೆ.

ಹುಡುಗನು ಕತ್ತಿಯಿಂದ ಕೊಂಬೆ ಕಡಿದನು. ತೃತೀಯೆಯ ‘ಇಂದ’. ಹೋಮ್‌ಸ್ಟೇಯ ಯುವಕ ಎಡವಿದ್ದು ಇಂಥ ಜಾಗದಲ್ಲೇ. “ದ ನೈಫ್ ದ ಬಾಯ್ ಕಟ್ ದ ಬ್ರಾಂಚ್” ಎಂದು ನಿಲ್ಲಿಸಿದರೆ ‘ಇಂದ’ ಕಳೆದುಹೋಯಿತು. “ದ ನೈಫ್ ದ ಬಾಯ್ ಕಟ್ ದ ಬ್ರಾಂಚ್ ವಿತ್” ಎನ್ನಬೇಕು. ಅರ್ಜಿ, ವರದಿಗಳಲ್ಲಿ ಇದನ್ನೇ ಬಿಗಿಯಾಗಿ “ದ ನೈಫ್ ವಿತ್ ವಿಚ್ ದ ಬಾಯ್ ಕಟ್ ದ ಬ್ರಾಂಚ್” ಎಂದು ಬರೆಯುತ್ತಾರೆ. ‘ವಿತ್’ ಕೊನೆಯಲ್ಲಿರಲಿ, ಕೊಂಡಿಯ ಮುಂಚೆ ಬರಲಿ, ಎಲ್ಲಿಯಾದರೂ ಒಂದು ಕಡೆ ಇರಲೇಬೇಕು. ವಾಕ್ಯವನ್ನು ‘ವಿತ್’, ‘ಟು’, ‘ಆನ್’ ಮುಂತಾದ ಪದಗಳಿಂದ ಮುಗಿಸುವುದು ತಪ್ಪು ಎಂದು ಹಳೆಯ ಕಾಲದ ಕೆಲವು ಮೇಷ್ಟ್ರುಗಳು ಹೆದರಿಸಿದ್ದುಂಟು. ಹೆದರಬೇಕಾಗಿಲ್ಲ, ಇಂಗ್ಲಿಷ್ ಮಾತನಾಡುವವರು ದಿನವಿಡೀ ಹಾಗೆಯೇ ಮಾತನಾಡುತ್ತಾರೆ.

ಹುಡುಗನು ಕೊಂಬೆಯ ಮೇಲೆ ಕುಳಿತನು. ಸಪ್ತಮಿ. “ದ ಬ್ರಾಂಚ್ ದ ಬಾಯ್ ಸ್ಯಾಟ್ ಆನ್”. “ನಾನು ಬೀಗದ ಕೈ ಕೊಟ್ಟ ಅತಿಥಿ” ಎಂಬುದನ್ನು ಬಿಡಿಸಿದರೆ ‘ಅತಿಥಿಗೆ’, ಅಂದರೆ ಚತುರ್ಥಿ. “ದ ಗೆಸ್ಟ್ ಐ ಗೇವ್ ದ ಕೀ ಟು”, ಅಥವಾ ಬರಹದ ಗತ್ತಿನಲ್ಲಿ “ದ ಗೆಸ್ಟ್ ಟು ಹೂಮ್ ಐ ಗೇವ್ ದ ಕೀ”. ‘ಹೂಮ್’ ಪದ ಇಂದು ಕಡ್ಡಾಯವಾಗಿ ಬೇಕಾಗುವುದು ಇಲ್ಲಿ ಮಾತ್ರ, ‘ಟು’ ‘ಫಾರ್’ ‘ವಿತ್’ ಮುಂತಾದವುಗಳ ಬೆನ್ನಿಗೆ. ಬೇರೆ ಕಡೆ ‘ಹೂ’ ಎಂದರೂ ಆಡುಮಾತಿನಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಆ ಜಾಗದಲ್ಲಿ ‘ದ್ಯಾಟ್’ ಮಾತ್ರ ಬರುವಂತಿಲ್ಲ. “ಟು ದ್ಯಾಟ್ ಐ ಗೇವ್” ಎಂಬುದು ಇಂಗ್ಲಿಷೇ ಅಲ್ಲ.

ಷಷ್ಠಿಯ ‘ಅ’ ಅತಿ ಸಣ್ಣ ಪ್ರತ್ಯಯ, ಅದನ್ನು ಹುಡುಕುವುದೇ ಕಷ್ಟ. 2018ರ ಆಗಸ್ಟ್ ತಿಂಗಳ ಭೂಕುಸಿತದ ಬಳಿಕ ಕೊಡಗಿನಲ್ಲಿ ಎಷ್ಟೋ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂತು. “ಮನೆ ಕುಸಿದ ಕುಟುಂಬ” ಎಂಬ ಮೂರು ಪದಗಳನ್ನು ಎಷ್ಟೋ ಮಂದಿ “ದ ಫ್ಯಾಮಿಲಿ ಹೂ ಹೌಸ್ ಕೊಲ್ಯಾಪ್ಸ್ಡ್” ಎಂದು ಬರೆಯುವುದನ್ನು ನೋಡಿದ್ದೇನೆ. ಬಿಡಿಸಿ ನೋಡಿ: ಕುಟುಂಬದ ಮನೆ ಕುಸಿಯಿತು. ‘ಕುಟುಂಬದ’ ಎಂಬಲ್ಲಿ ಷಷ್ಠಿ ಇದೆ, ಆದ್ದರಿಂದ “ದ ಫ್ಯಾಮಿಲಿ ಹೂಜ್ ಹೌಸ್ ಕೊಲ್ಯಾಪ್ಸ್ಡ್”. ವಸ್ತುಗಳಿಗೂ ‘ಹೂಜ್’ ಸಲ್ಲುತ್ತದೆ. ಗೋಡೆ ಬಿರುಕುಬಿಟ್ಟ ಶಾಲೆ: “ದ ಸ್ಕೂಲ್ ಹೂಜ್ ವಾಲ್ ಕ್ರ್ಯಾಕ್ಡ್”. ಬರೆಯುವಾಗ ಒಂದು ಎಚ್ಚರ: ‘ಹೂ ಈಸ್’ ಎಂಬುದನ್ನು ಮೇಲ್ಚಿಹ್ನೆ (ಅಪಾಸ್ಟ್ರಫಿ) ಹಾಕಿ ಕುಗ್ಗಿಸಿದಾಗಲೂ ಇದೇ ಉಚ್ಚಾರ ಬರುತ್ತದೆ, ಕಾಗುಣಿತ ಬೇರೆ. ಒಡೆತನ ಹೇಳುವ ‘ಹೂಜ್’ನಲ್ಲಿ ಮೇಲ್ಚಿಹ್ನೆ ಇಲ್ಲ, ಕೊನೆಗೆ ‘ಇ’ ಅಕ್ಷರವಿದೆ.

ಇನ್ನು ‘ವೇರ್’ ಮತ್ತು ‘ವೆನ್’. ಸ್ಥಳದ ಹೆಸರು ಬಂದ ಕೂಡಲೇ ‘ವೇರ್’ ಹಾಕುವ ಅಭ್ಯಾಸ ನಮ್ಮವರಿಗಿದೆ. ಸ್ಥಳವೋ ಅಲ್ಲವೋ ಎಂಬುದರ ಮೇಲೆ ಇದು ನಿಂತಿಲ್ಲ, ವಿಭಕ್ತಿಯ ಮೇಲೆ ನಿಂತಿದೆ. ಕೊಡವರ ಕುಲಕ್ಕೆ ಒಕ್ಕ ಎಂದೂ ಅದರ ಹಿರಿಯರ ಮನೆಗೆ ಐನ್‌ಮನೆ ಎಂದೂ ಹೆಸರು. “ಒಕ್ಕದವರು ಸೇರುವ ಐನ್‌ಮನೆ” ಎಂದರೆ ಐನ್‌ಮನೆಯಲ್ಲಿ ಸೇರುತ್ತಾರೆ, ಸಪ್ತಮಿ, ಆದ್ದರಿಂದ “ದ ಐನ್‌ಮನೆ ವೇರ್ ದ ಕ್ಲ್ಯಾನ್ ಗ್ಯಾದರ್ಸ್”. “ಅಜ್ಜ ದುರಸ್ತಿ ಮಾಡಿಸಿದ ಐನ್‌ಮನೆ” ಎಂದರೆ ಐನ್‌ಮನೆಯನ್ನು, ದ್ವಿತೀಯೆ, ಆದ್ದರಿಂದ “ದ ಐನ್‌ಮನೆ ದ್ಯಾಟ್ ಮೈ ಗ್ರ್ಯಾಂಡ್‌ಫಾದರ್ ರಿಪೇರ್ಡ್”. ಮನೆ ಒಂದೇ, ಕೊಂಡಿ ಬೇರೆ. ದಿನಗಳಿಗೂ ಹೀಗೆಯೇ. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. “ಅಧಿಕಾರ ವಹಿಸಿಕೊಂಡ ದಿನ” ಎಂದಾಗ ಒಳಗಿರುವುದು ‘ದಿನದಂದು’. “ದ ಡೇ ವೆನ್ ಕಾರ್ಯಪ್ಪ ಟುಕ್ ಚಾರ್ಜ್”. “ಸೇನೆ ಪ್ರತಿವರ್ಷ ಆಚರಿಸುವ ದಿನ” ಎಂದಾಗ ಒಳಗಿರುವುದು ‘ದಿನವನ್ನು’. “ದ ಡೇ ದ್ಯಾಟ್ ದ ಆರ್ಮಿ ಸೆಲೆಬ್ರೇಟ್ಸ್ ಎವ್ರಿ ಇಯರ್”.

ಚತುರ್ಥಿಯ ವಿಷಯದಲ್ಲಿ ಎಚ್ಚರ

ವಿಭಕ್ತಿಯನ್ನು ಹುಡುಕಿದ ಮೇಲೆ ಅದನ್ನು ಕಣ್ಣುಮುಚ್ಚಿ ಇಂಗ್ಲಿಷಿಗೆ ಇಳಿಸಿದರೆ ಹೊಸ ತಪ್ಪು ಹುಟ್ಟುತ್ತದೆ. ಜಾಣ ವಿದ್ಯಾರ್ಥಿಗಳೇ ಇದರಲ್ಲಿ ಸಿಕ್ಕಿಬೀಳುವುದು. “ಕನ್ನಡ ಬರುವ ವೈದ್ಯರು” ಎಂಬುದನ್ನು ಬಿಡಿಸಿ: ವೈದ್ಯರಿಗೆ ಕನ್ನಡ ಬರುತ್ತದೆ. ಚತುರ್ಥಿ ಸಿಕ್ಕಿತು. ಹಾಗೆಂದು “ದ ಡಾಕ್ಟರ್ ಟು ಹೂಮ್ ಕನ್ನಡ ಕಮ್ಸ್” ಎಂದು ಬರೆಯುವಂತಿಲ್ಲ. ಕನ್ನಡದಲ್ಲಿ ನಮಗೆ ಭಾಷೆ ಬರುತ್ತದೆ, ನಮಗೆ ಹಸಿವಾಗುತ್ತದೆ, ನಮಗೆ ಜ್ವರ ಬರುತ್ತದೆ, ನಮಗೆ ಕಾಫಿ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಮನುಷ್ಯನೇ ಕರ್ತೃ. ಅವನು ಭಾಷೆ ಬಲ್ಲ, ಅವನು ಹಸಿದಿದ್ದಾನೆ, ಅವನು ಕಾಫಿಯನ್ನು ಬಯಸುತ್ತಾನೆ.

ಆದ್ದರಿಂದ ನಡುವೆ ಒಂದು ಮೆಟ್ಟಿಲು ಇಟ್ಟುಕೊಳ್ಳಿ. ಕನ್ನಡದ ಪದಪುಂಜವನ್ನು ಬಿಡಿಸಿ ವಾಕ್ಯ ಮಾಡಿ. ಆ ವಾಕ್ಯವನ್ನು ಸರಳವಾದ ಇಂಗ್ಲಿಷಿಗೆ ತನ್ನಿ. ಆ ಇಂಗ್ಲಿಷ್ ವಾಕ್ಯದಲ್ಲಿ ನಾಮಪದ ಎಲ್ಲಿ ಕೂತಿದೆ ನೋಡಿ ಕೊಂಡಿಯನ್ನು ಆರಿಸಿ. ವೈದ್ಯರಿಗೆ ಕನ್ನಡ ಬರುತ್ತದೆ, “ದ ಡಾಕ್ಟರ್ ನೋಸ್ ಕನ್ನಡ”, ಆದ್ದರಿಂದ “ದ ಡಾಕ್ಟರ್ ಹೂ ನೋಸ್ ಕನ್ನಡ”. ಜ್ವರ ಬಂದ ಮಗು: “ದ ಚೈಲ್ಡ್ ಹೂ ಹ್ಯಾಡ್ ಎ ಫೀವರ್”. ಕಾಫಿ ಬೇಕಾದವರು: “ದೋಸ್ ಹೂ ವಾಂಟ್ ಕಾಫಿ”.

ಕೆಲವು ಕ್ರಿಯಾಪದಗಳು ಎರಡು ಭಾಷೆಗಳಲ್ಲಿ ಬೇರೆ ಬೇರೆ ಜೊತೆಗಾರರನ್ನು ಬೇಡುತ್ತವೆ. ನಾವು ಬಸ್ಸಿಗೆ ಕಾಯುತ್ತೇವೆ, ಇಂಗ್ಲಿಷಿನವರು ‘ಫಾರ್’ ಹಾಕಿ ಕಾಯುತ್ತಾರೆ: “ದ ಬಸ್ ವಿ ವೇಟೆಡ್ ಫಾರ್”. ನಾವು ಆನೆಗೆ ಹೆದರುತ್ತೇವೆ, ಅವರಿಗೆ ಅಲ್ಲಿ ‘ಆಫ್’ ಬೇಕು: “ದಿ ಎಲಿಫೆಂಟ್ ದ ಚೈಲ್ಡ್ ವಾಸ್ ಅಫ್ರೇಡ್ ಆಫ್”. ಇಂಥ ಜೋಡಿಗಳನ್ನು ಎದುರಾದಾಗಲೆಲ್ಲ ಬರೆದಿಟ್ಟುಕೊಳ್ಳಬೇಕು, ಬೇರೆ ಉಪಾಯವಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಇವುಗಳ ಪಟ್ಟಿಯನ್ನೇ ಮಾಡಿಕೊಂಡು ಮಡಿಕೇರಿ ಬಸ್ಸಿನಲ್ಲಿ ಓದುತ್ತ ಬರುತ್ತಾಳೆ.

ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡಿ

“ದ ಕಾಫಿ ದ್ಯಾಟ್ ವಿ ಡ್ರೈಡ್ ಇಟ್ ಇನ್ ದ ಯಾರ್ಡ್”. ಈ ವಾಕ್ಯದಲ್ಲಿ ಒಂದು ‘ಇಟ್’ ಹೆಚ್ಚಾಯಿತು. ಇದಕ್ಕೆ ನಮ್ಮ ಪಾಠಪುಸ್ತಕಗಳ ಅನುವಾದ ಶೈಲಿಯೂ ಕಾರಣ ಎಂದು ನನಗೆ ಅನ್ನಿಸುತ್ತದೆ. “ಯಾವ ಕಾಫಿಯನ್ನು ನಾವು ಕಣದಲ್ಲಿ ಒಣಗಿಸಿದೆವೋ ಅದನ್ನು” ಎಂದು ಬರೆಯುವ ಶೈಲಿ ಅದು. ‘ಯಾವ’ ಬಂದರೆ ‘ಅದು’ ಬರಬೇಕು, ‘ಯಾರು’ ಬಂದರೆ ‘ಅವರು’ ಬರಬೇಕು ಎಂಬ ಜೋಡಿ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮನೆಯಲ್ಲಿ ನಾವು ಹಾಗೆ ಮಾತನಾಡುವುದು ಅಪರೂಪ. “ಕಣದಲ್ಲಿ ಒಣಗಿಸಿದ ಕಾಫಿ” ಎನ್ನುತ್ತೇವೆ. ಇಂಗ್ಲಿಷಿನ ‘ದ್ಯಾಟ್’ ಎಂಬ ಕೊಂಡಿಯೇ ಕಾಫಿಯ ಪ್ರತಿನಿಧಿ. ಅದು ಬಂದಾಗ ‘ಇಟ್’ಗೆ ಜಾಗವಿಲ್ಲ. “ದ ಕಾಫಿ ದ್ಯಾಟ್ ವಿ ಡ್ರೈಡ್ ಇನ್ ದ ಯಾರ್ಡ್”. ಬರೆದ ಮೇಲೆ ಕೊಂಡಿಯಿಂದ ಮುಂದಕ್ಕೆ ಬೆರಳಿಟ್ಟು ಓದಿ, ‘ಇಟ್’, ‘ಹಿಮ್’, ‘ದೆಮ್’, ‘ದೇರ್’ ಸಿಕ್ಕಿದರೆ ಅದು ಅದೇ ನಾಮಪದವನ್ನು ಸೂಚಿಸುತ್ತದೆಯೇ ನೋಡಿ. ಸೂಚಿಸಿದರೆ ಹೊಡೆದುಹಾಕಿ.

ಇದರ ಪಕ್ಕದಲ್ಲೇ ಹೇಳಬೇಕಾದ ಇನ್ನೊಂದು ಮಾತು: “ನೀನು ಹೇಳಿದ್ದು ನಿಜ” ಎಂಬಲ್ಲಿ ನಾಮಪದವೇ ಇಲ್ಲ. ಅಲ್ಲಿ ‘ವಾಟ್’ ಒಂದೇ ಸಾಕು: “ವಾಟ್ ಯು ಸೆಡ್ ಈಸ್ ಟ್ರೂ”. “ಮಳೆ ಬರುತ್ತದೆ ಎಂಬ ಸುದ್ದಿ” ಎಂಬುದರಲ್ಲಿರುವ ‘ಎಂಬ’ಕ್ಕೆ ‘ದ್ಯಾಟ್’ ಬರುತ್ತದೆ, ಆದರೆ ಅದು ಸಂಬಂಧ ವಾಕ್ಯವಲ್ಲ. ಅಲ್ಲಿ ‘ವಿಚ್’ ಹಾಕಿದರೆ ತಪ್ಪು.

ಕಾಲವನ್ನು ನೀವೇ ಆರಿಸಬೇಕು

“ಬರುವ ಬಸ್ಸು” ಎಂದರೆ ದಿನವೂ ಬರುವ ಬಸ್ಸೇ, ಈಗ ಬರುತ್ತಿರುವ ಬಸ್ಸೇ, ನಾಳೆ ಬರಲಿರುವ ಬಸ್ಸೇ? ಕನ್ನಡದಲ್ಲಿ ಮೂರೂ ಹೌದು. ಇಂಗ್ಲಿಷಿನಲ್ಲಿ ಒಂದನ್ನು ಆರಿಸಿಕೊಳ್ಳದೆ ಬಾಯಿ ತೆರೆಯುವಂತಿಲ್ಲ: “ದ ಬಸ್ ದ್ಯಾಟ್ ಕಮ್ಸ್”, “ದ ಬಸ್ ದ್ಯಾಟ್ ಈಸ್ ಕಮಿಂಗ್”, “ದ ಬಸ್ ದ್ಯಾಟ್ ವಿಲ್ ಕಮ್”. “ಬಾರದ ಬಸ್ಸು” ಇನ್ನೂ ನಿಗೂಢ. ನಿಷೇಧ ರೂಪಕ್ಕೆ ಕಾಲವೇ ಇಲ್ಲ. ನಿನ್ನೆ ಬಾರದ್ದಾದರೆ “ಡಿಡ್ ನಾಟ್ ಕಮ್”, ಇನ್ನೂ ಬಂದಿಲ್ಲ ಎಂದಾದರೆ “ಹ್ಯಾಸ್ ನಾಟ್ ಕಮ್”, ಎಂದೂ ಬರುವುದಿಲ್ಲವಾದರೆ “ನೆವರ್ ಕಮ್ಸ್”.

ಗಾದೆಗಳಲ್ಲಿ ಇದು ಸೊಗಸಾಗಿ ಕಾಣಿಸುತ್ತದೆ. “ತಾಳಿದವನು ಬಾಳಿಯಾನು” ಎಂಬಲ್ಲಿ ‘ತಾಳಿದ’ ಭೂತಕಾಲದ ರೂಪ, ಆದರೆ ಮಾತು ಎಲ್ಲ ಕಾಲಕ್ಕೂ ಸಲ್ಲುವಂಥದ್ದು. ಇಂಗ್ಲಿಷಿಗೆ ತರುವಾಗ “ಹಿ ಹೂ ಎಂಡ್ಯೂರ್ಸ್” ಎಂದು ವರ್ತಮಾನಕ್ಕೆ ತಿರುಗಿಸಬೇಕು. ರೂಪ ನೋಡಿ ಕಾಲ ಹಾಕಬೇಡಿ, ಅರ್ಥ ನೋಡಿ ಹಾಕಿ. ಹಾಗೆಯೇ ‘ಬರುವ’ ಎಂಬುದಕ್ಕೆ ಏಕವಚನ, ಬಹುವಚನ ಎಂಬ ಭೇದವೂ ಇಲ್ಲ. ಇಂಗ್ಲಿಷಿನಲ್ಲಿ ಕೊಂಡಿಯ ಹಿಂದಿನ ನಾಮಪದವನ್ನು ನೋಡಿ “ದ ವರ್ಕರ್ ಹೂ ಕಮ್ಸ್”, “ದ ವರ್ಕರ್ಸ್ ಹೂ ಕಮ್” ಎಂದು ಬದಲಿಸಬೇಕು.

ಅಲ್ಪವಿರಾಮದ ತೂಕ

ಸಂಬಂಧ ವಾಕ್ಯಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇರುವುದು ಈ ಭಾಗದ ಮೇಲೆ. ಒಂದು ಅಲ್ಪವಿರಾಮ ಹಣದ ಲೆಕ್ಕವನ್ನೇ ಬದಲಿಸಬಲ್ಲದು.

“ಸೈನ್ಯದಲ್ಲಿರುವ ನನ್ನ ಅಣ್ಣ ಪುತ್ತರಿಗೆ ಬರುತ್ತಾನೆ” ಎಂಬ ಮಾತನ್ನು ಕೊಡಗಿನ ಯಾವ ಹಳ್ಳಿಯಲ್ಲೂ ಕೇಳಬಹುದು; ಪುತ್ತರಿ ಎಂದರೆ ಅಲ್ಲಿನ ಸುಗ್ಗಿ ಹಬ್ಬ. ಹೇಳಿದವನಿಗೆ ಎಷ್ಟು ಜನ ಅಣ್ಣಂದಿರು? ಕನ್ನಡ ವಾಕ್ಯ ಅದನ್ನು ಹೇಳುವುದಿಲ್ಲ. ಇಂಗ್ಲಿಷ್ ಹೇಳುತ್ತದೆ. “ಮೈ ಬ್ರದರ್ ಹೂ ಈಸ್ ಇನ್ ದಿ ಆರ್ಮಿ” ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಬೇರೆ ಅಣ್ಣಂದಿರೂ ಇದ್ದಾರೆ, ಅವರಲ್ಲಿ ಸೈನ್ಯದಲ್ಲಿರುವವನ ಮಾತು ಇದು ಎಂದು ಅರ್ಥ. “ಮೈ ಬ್ರದರ್, ಹೂ ಈಸ್ ಇನ್ ದಿ ಆರ್ಮಿ,” ಎಂದು ಎರಡೂ ಬದಿಗೆ ಅಲ್ಪವಿರಾಮ ಹಾಕಿದರೆ ಅಣ್ಣ ಒಬ್ಬನೇ. ಸೈನ್ಯದ ವಿಷಯ ಹೆಚ್ಚುವರಿ ಮಾಹಿತಿ.

ಈಗ ಇದನ್ನೇ ಬೆಳೆನಷ್ಟದ ಪತ್ರಕ್ಕೆ ಅನ್ವಯಿಸಿ. “ಗಾಳಿಮಳೆಗೆ ಬುಡಮೇಲಾದ ಗಿಡಗಳನ್ನು ಬದಲಿಸಬೇಕಾಗಿದೆ” ಎಂದು ಬೆಳೆಗಾರರು ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. “ದ ಪ್ಲಾಂಟ್ಸ್ ದ್ಯಾಟ್ ವರ್ ಅಪ್‌ರೂಟೆಡ್ ಮಸ್ಟ್ ಬಿ ರಿಪ್ಲೇಸ್ಡ್” ಎಂದರೆ ತೋಟದಲ್ಲಿ ಬುಡಮೇಲಾದಷ್ಟು ಗಿಡಗಳು ಮಾತ್ರ. “ದ ಪ್ಲಾಂಟ್ಸ್, ವಿಚ್ ವರ್ ಅಪ್‌ರೂಟೆಡ್, ಮಸ್ಟ್ ಬಿ ರಿಪ್ಲೇಸ್ಡ್” ಎಂದರೆ ಗಿಡಗಳೆಲ್ಲವೂ ಬುಡಮೇಲಾಗಿವೆ. ಓದುವ ಅಧಿಕಾರಿ ಎರಡನೆಯ ವಾಕ್ಯ ನೋಡಿ ತೋಟಕ್ಕೆ ಬಂದು, ನಿಂತಿರುವ ಗಿಡಗಳನ್ನು ಕಂಡರೆ ಪತ್ರದ ಮೇಲಿನ ನಂಬಿಕೆಯೇ ಹೋಗುತ್ತದೆ. ಸುಳ್ಳು ಹೇಳುವ ಉದ್ದೇಶ ಬರೆದವರಿಗೆ ಇರಲಿಲ್ಲ, ಅಲ್ಪವಿರಾಮ ಹೇಳಿತು.

ಪರೀಕ್ಷಿಸುವ ಬಗೆ ಹೀಗೆ: ಸಂಬಂಧ ವಾಕ್ಯವನ್ನು ಕೈಯಿಂದ ಮುಚ್ಚಿ. ಉಳಿದ ಮಾತು ಯಾರ ಬಗ್ಗೆ, ಯಾವುದರ ಬಗ್ಗೆ ಎಂಬುದು ಇನ್ನೂ ಸ್ಪಷ್ಟವಾಗಿದೆಯೇ? ಸ್ಪಷ್ಟವಿದ್ದರೆ ಅಲ್ಪವಿರಾಮ ಹಾಕಿ, ಇಲ್ಲದಿದ್ದರೆ ಬೇಡ. ಅಂಕಿತನಾಮಗಳ ವಿಷಯದಲ್ಲಿ ಯೋಚಿಸುವುದೂ ಬೇಡ, ಸಾಮಾನ್ಯವಾಗಿ ಅಲ್ಪವಿರಾಮ ಬಂದೇ ಬರುತ್ತದೆ. “ತಡಿಯಂಡಮೋಳ್, ವಿಚ್ ಈಸ್ 1748 ಮೀಟರ್ಸ್ ಹೈ, ಈಸ್ ದ ಹೈಯೆಸ್ಟ್ ಪೀಕ್ ಇನ್ ಕೊಡಗು”. “ನಾಲ್ಕುನಾಡು ಅರಮನೆ, ವಿಚ್ ವಾಸ್ ಬಿಲ್ಟ್ ಇನ್ 1792, ಸ್ಟ್ಯಾಂಡ್ಸ್ ನಿಯರ್ ಕಕ್ಕಬ್ಬೆ”. ತಡಿಯಂಡಮೋಳ್ ಒಂದೇ, ಅರಮನೆಯೂ ಒಂದೇ. ಗುರುತಿಸಲು ಬಣ್ಣನೆ ಬೇಕಿಲ್ಲ. ಹೀಗೆ ಅಲ್ಪವಿರಾಮ ಬಂದ ಕಡೆ ‘ದ್ಯಾಟ್’ ಹಾಕುವಂತಿಲ್ಲ, ಕೊಂಡಿಯನ್ನು ಬಿಡುವಂತೆಯೂ ಇಲ್ಲ. ಗಟ್ಟಿಯಾಗಿ ಓದುವಾಗ ಎರಡೂ ಬದಿಯಲ್ಲಿ ಚಿಕ್ಕದೊಂದು ನಿಲುಗಡೆ ಕೊಡಿ. ಅಲ್ಪವಿರಾಮ ಇಲ್ಲದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬೇಕು.

ಅಲ್ಪವಿರಾಮದ ನಂತರದ ‘ವಿಚ್’ ಕೆಲವೊಮ್ಮೆ ಒಂದು ಪದವನ್ನಲ್ಲ, ಹಿಂದಿನ ಇಡೀ ಸಂಗತಿಯನ್ನು ಹಿಡಿಯುತ್ತದೆ. “ದ ಬ್ಲಾಸಮ್ ಶವರ್ಸ್ ಕೇಮ್ ಇನ್ ಮಾರ್ಚ್, ವಿಚ್ ಸೇವ್ಡ್ ಅಸ್ ದ ಕಾಸ್ಟ್ ಆಫ್ ಇರಿಗೇಶನ್”. ಕಾಫಿ ಅರಳಿಸುವ ಮಳೆ ಮಾರ್ಚಿನಲ್ಲೇ ಬಂತು, ಇದರಿಂದ ನೀರು ಹಾಯಿಸುವ ಖರ್ಚು ಉಳಿಯಿತು. ನಮ್ಮ ‘ಇದರಿಂದ’, ‘ಇದು’ ಎಂಬುದಕ್ಕೆ ಸಮನಾದ ಬಳಕೆ ಇದು. ಎರಡು ವಾಕ್ಯಗಳನ್ನು ಹೀಗೆ ಬೆಸೆಯಲು ಕಲಿತರೆ ಬರಹಕ್ಕೆ ಓಟ ಬರುತ್ತದೆ.

ಸಣ್ಣಪುಟ್ಟ ಮಾತುಗಳು ಎರಡು. ಸಂಬಂಧ ವಾಕ್ಯ ತನ್ನ ನಾಮಪದಕ್ಕೆ ಅಂಟಿಕೊಂಡೇ ಇರಲಿ. “ಐ ಸಾ ಎನ್ ಎಲಿಫೆಂಟ್ ನಿಯರ್ ದ ಬಸ್ ದ್ಯಾಟ್ ವಾಸ್ ಈಟಿಂಗ್ ಜ್ಯಾಕ್‌ಫ್ರೂಟ್” ಎಂದರೆ ಹಲಸಿನ ಹಣ್ಣು ತಿನ್ನುತ್ತಿದ್ದದ್ದು ಬಸ್ಸಾಗುತ್ತದೆ. ಮತ್ತೊಂದು, “ಹೂ ಈಸ್”, “ವಿಚ್ ವಾಸ್” ಮುಂತಾದವನ್ನು ಎಷ್ಟೋ ಕಡೆ ಕಳಚಬಹುದು: “ದ ಬಾಯ್ ಸ್ಟ್ಯಾಂಡಿಂಗ್ ಆನ್ ದ ಲ್ಯಾಡರ್”, “ಕಾಫಿ ಗ್ರೋನ್ ಅಂಡರ್ ಶೇಡ್”. ಇದು ನಮ್ಮ ಕೃದಂತಕ್ಕೆ ಬಹಳ ಹತ್ತಿರದ ರೂಪ, ಬೇಗ ಒಗ್ಗುತ್ತದೆ.

ಒಂದು ಪತ್ರವನ್ನು ಜೊತೆಯಾಗಿ ಬರೆಯೋಣ

ರಸ್ತೆ ದುರಸ್ತಿಗಾಗಿ ಗ್ರಾಮಸ್ಥರ ಮನವಿ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಹೀಗಿದೆ: “ಕಳೆದ ಮಳೆಗಾಲದಲ್ಲಿ ಕುಸಿದ ರಸ್ತೆ ನಮ್ಮ ಮಕ್ಕಳು ಶಾಲೆಗೆ ಹೋಗುವ ಒಂದೇ ದಾರಿ. ಬಸ್ಸು ಬಾರದ ದಿನಗಳಲ್ಲಿ ಅವರು ನಡೆದೇ ಹೋಗುತ್ತಾರೆ. ತೋಟ ರಸ್ತೆಯ ಪಕ್ಕದಲ್ಲಿರುವ ಇಬ್ಬರು ಬೆಳೆಗಾರರು ಜಾಗ ಕೊಡಲು ಒಪ್ಪಿದ್ದಾರೆ.”

ಕುಸಿದ ರಸ್ತೆ: ರಸ್ತೆಯು ಕುಸಿಯಿತು, ಪ್ರಥಮೆ, ಕೊಂಡಿ ಬೇಕೇ ಬೇಕು. “ದ ರೋಡ್ ದ್ಯಾಟ್ ಕೊಲ್ಯಾಪ್ಸ್ಡ್ ಲಾಸ್ಟ್ ಮಾನ್ಸೂನ್”. ಹೋಗುವ ದಾರಿ: ದಾರಿಯಲ್ಲಿ ಹೋಗುತ್ತಾರೆ, ಸಪ್ತಮಿ. “ಈಸ್ ದಿ ಓನ್ಲಿ ರೂಟ್ ಬೈ ವಿಚ್ ಅವರ್ ಚಿಲ್ಡ್ರನ್ ಕ್ಯಾನ್ ರೀಚ್ ಸ್ಕೂಲ್”. ಇಲ್ಲಿ ‘ಇನ್’ ಬಾರದೆ ‘ಬೈ’ ಬಂದದ್ದನ್ನು ಗಮನಿಸಿ. ನಡುವಿನ ಮೆಟ್ಟಿಲು ಬೇಕೆಂದದ್ದು ಇದಕ್ಕೇ. ಬಸ್ಸು ಬಾರದ ದಿನಗಳು: ಇದು ಪದೇ ಪದೇ ನಡೆಯುವ ಸಂಗತಿ, ಆದ್ದರಿಂದ ವರ್ತಮಾನ. “ಆನ್ ಡೇಸ್ ವೆನ್ ದ ಬಸ್ ಡಸ್ ನಾಟ್ ಕಮ್, ದೇ ವಾಕ್”. ಮೂರನೆಯ ವಾಕ್ಯದಲ್ಲಿ ಬೆಳೆಗಾರರ ತೋಟ, ಷಷ್ಠಿ. “ಟೂ ಗ್ರೋವರ್ಸ್ ಹೂಜ್ ಎಸ್ಟೇಟ್ಸ್ ಲೈ ಬಿಸೈಡ್ ದ ರೋಡ್ ಹ್ಯಾವ್ ಅಗ್ರೀಡ್ ಟು ಗಿವ್ ಲ್ಯಾಂಡ್”. ಅಲ್ಪವಿರಾಮ ಹಾಕಿಲ್ಲ, ಏಕೆಂದರೆ ಊರಿನಲ್ಲಿ ಬೆಳೆಗಾರರು ಹಲವರು; ಯಾವ ಇಬ್ಬರು ಎಂಬುದನ್ನು ಗುರುತಿಸುತ್ತಿರುವುದೇ ಈ ಬಣ್ಣನೆ.

ಇನ್ನು ನಿಮ್ಮ ಸರದಿ. ಈ ಐದನ್ನು ಬಿಡಿಸಿ, ವಿಭಕ್ತಿ ಹುಡುಕಿ, ಸರಳ ಇಂಗ್ಲಿಷ್ ವಾಕ್ಯ ಮಾಡಿ, ಬಳಿಕ ಜೋಡಿಸಿ: ಅಪ್ಪ ಕಾಫಿ ಮಾರಿದ ವ್ಯಾಪಾರಿ, ಕಾವೇರಿ ಹುಟ್ಟುವ ಬೆಟ್ಟ, ಮಗ ಸೈನ್ಯ ಸೇರಿದ ತಾಯಿ, ಹಾಕಿ ಆಡಲು ಬರುವ ಹುಡುಗಿಯರು, ಅಜ್ಜಿ ಕಥೆ ಹೇಳುತ್ತಿದ್ದ ಜಗುಲಿ. ಮೊದಲನೆಯದಕ್ಕೆ ಕೊನೆಯಲ್ಲಿ ‘ಟು’ ಬೇಕು. ಎರಡನೆಯದಕ್ಕೆ ‘ವೇರ್’, ಮೂರನೆಯದಕ್ಕೆ ‘ಹೂಜ್’. ನಾಲ್ಕನೆಯದರಲ್ಲಿ ಚತುರ್ಥಿ ಅಡಗಿದೆ ಎಂದು ಅರ್ಥ ಮಾಡಿಕೊಂಡರೆ ಇಂಗ್ಲಿಷಿನಲ್ಲಿ “ಹೂ ಕ್ಯಾನ್ ಪ್ಲೇ”. ಆಟಕ್ಕಾಗಿ ಮೈದಾನಕ್ಕೆ ಬರುವವರು ಎಂದು ಅರ್ಥ ಮಾಡಿಕೊಂಡರೆ “ಹೂ ಕಮ್ ಟು ಪ್ಲೇ”. ಎರಡೂ ಸರಿ, ಯಾವುದನ್ನು ಹೇಳಬೇಕೆಂದಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು. ಐದನೆಯದರಲ್ಲಿ ಅಜ್ಜಿ ಜಗುಲಿಯಲ್ಲಿ ಕೂತು ಕಥೆ ಹೇಳುತ್ತಿದ್ದರೆ “ದ ವೆರಾಂಡಾ ವೇರ್ ಗ್ರ್ಯಾಂಡ್‌ಮದರ್ ಯೂಸ್ಡ್ ಟು ಟೆಲ್ ಸ್ಟೋರೀಸ್”. ಕಥೆ ಆ ಜಗುಲಿಯ ಬಗ್ಗೆಯೇ ಆಗಿದ್ದರೆ, ‘ವೇರ್’ ಹೋಗಿ ಕೊನೆಗೆ ‘ಅಬೌಟ್’ ಬರುತ್ತದೆ.